ಬಳ್ಳಾರಿ ಬಿಸಿಲಿಗೆ ಯಾವ ಪೆಟ್ರೋಲ್ ಎಂಜಿನ್?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬಣ್ಣ ನೋಡುತ್ತಾರೆ, ಸೀಟ್ ಕವರ್ ನೋಡುತ್ತಾರೆ, ಆಮೇಲೆ ‘ಮೈಲೇಜ್ ಎಷ್ಟು ಕೊಡುತ್ತೆ?’ ಅಂತ ಕೇಳುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನಾಲ್ಕು ಜನ ಕೂತು ಎಸಿ ಹಾಕಿದರೆ ಈ ಗಾಡಿ ಎಳೆಯುತ್ತದಾ? ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಎಸಿ ಶೋಕಿಗೆ ಹಾಕುವುದಲ್ಲ. ಎಸಿಯ ಕಂಪ್ರೆಸರ್ ತಿರುಗುವುದು ಎಂಜಿನ್ ಶಕ್ತಿಯಿಂದಲೇ. ಎಂಜಿನ್ ಚಿಕ್ಕದಾದಷ್ಟೂ ಆ ಭಾರ ಜಾಸ್ತಿ ಗೊತ್ತಾಗುತ್ತದೆ.

ಮೊದಲು ನಿಮ್ಮ ಓಡಾಟ

ಊರೊಳಗೇ ಓಡಾಟ, ಗಾಡಿಯಲ್ಲಿ ಒಬ್ಬರು ಇಬ್ಬರು ಅಂದರೆ ಆಲ್ಟೊ 800 ಸಾಕು. ಅದರದು 796 ಸಿಸಿಯ (ಸಿಸಿ ಅಂದರೆ ಎಂಜಿನ್ ಗಾತ್ರ, 1000 ಸಿಸಿ ಅಂದರೆ 1 ಲೀಟರ್) ಮೂರು ಸಿಲಿಂಡರ್ ಎಂಜಿನ್, ಸುಮಾರು 48 ಅಶ್ವಶಕ್ತಿ. ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ಆದರೆ ಹೊಸಪೇಟೆ, ಗದಗ ಅಂತ ಹೆದ್ದಾರಿ ಹಿಡಿದು, ಸಾಲುಗಟ್ಟಿದ ಲಾರಿಗಳನ್ನು ಓವರ್‌ಟೇಕ್ ಮಾಡುವವರಿಗೆ ಅದು ಬೇಡ. ಕನಿಷ್ಠ 1 ಲೀಟರ್ ಎಂಜಿನ್ ನೋಡಿ. ಮಾರುತಿಯ 998 ಸಿಸಿಯ ಕೆ10 ಎಂಜಿನ್‌ಗೆ ಸುಮಾರು 68 ಅಶ್ವಶಕ್ತಿ ಇದೆ. ಮನೆಮಂದಿಯೆಲ್ಲ ಕೂತು ದೂರ ಹೋಗುವವರಾದರೆ ನನ್ನ ಓಟು 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್‌ಗೆ: 2010ರ ನಂತರದ ಸ್ವಿಫ್ಟ್‌ನ ಕೆ12, ಗ್ರ್ಯಾಂಡ್ ಐ10ರ ಕಪ್ಪಾ, ಹೋಂಡಾ ಬ್ರಿಯೊದ ಎಂಜಿನ್. ಮೈಲೇಜ್ ಕಡಿಮೆ ಅಲ್ವಾ ಅನ್ನಬಹುದು. ಚಿಕ್ಕ ಎಂಜಿನ್ನನ್ನು ಹೆದ್ದಾರಿಯಲ್ಲಿ ಸದಾ ಅದುಮಿ ಓಡಿಸಿದರೆ ಅದೂ ಹೆಚ್ಚುಕಡಿಮೆ ಅಷ್ಟೇ ಕುಡಿಯುತ್ತದೆ.

ಇನ್ನೊಂದು ಮಾತು. ಒಂದೇ ಹೆಸರಿನ ಕಾರು ಎರಡು ಎಂಜಿನ್‌ನಲ್ಲಿ ಬಂದಿರುತ್ತದೆ. ಐ10 1.1ರಲ್ಲೂ ಇತ್ತು, 1.2ರಲ್ಲೂ ಇತ್ತು. ಕ್ವಿಡ್ 0.8 ಮತ್ತು 1.0. 2019ರ ವ್ಯಾಗನ್ಆರ್ 1.0 ಮತ್ತು 1.2. ಮಾರುವವರ ಮಾತು, ಹಿಂದೆ ಅಂಟಿಸಿದ ಬ್ಯಾಡ್ಜ್ ಎರಡನ್ನೂ ಬಿಡಿ, ಆರ್‌ಸಿಯಲ್ಲಿ ಸಿಸಿ ಎಷ್ಟು ಅಂತ ಓದಿ. ಹಾಗೇ ಎಂಜಿನ್ ನಂಬರ್ ತಾಳೆಯಾಗುತ್ತದಾ ನೋಡಿ.

ಎಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸಲು ಆಲ್ಟೊ 800 ಮತ್ತು ಐ10 1.1ರಲ್ಲಿ ಟೈಮಿಂಗ್ ಬೆಲ್ಟ್ ಇರುತ್ತದೆ, ಕೆ10, ಕೆ12, ಕಪ್ಪಾದಲ್ಲಿ ಚೈನ್. ಬೆಲ್ಟ್ ಇದ್ದರೆ ಯಾವಾಗ ಬದಲಿಸಿದ್ದು ಅಂತ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಯೇ ಇಲ್ಲ ಅಂದುಕೊಂಡು ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಪೆಟ್ರೋಲ್ ಎಂಜಿನ್ ಎಳೆತ ಮಜವಾಗಿರುತ್ತದೆ, ಆದರೆ ಪೂರ್ತಿ ಸರ್ವಿಸ್ ದಾಖಲೆ ಇಲ್ಲದ ಹಳೆ ಟರ್ಬೊ ಮುಟ್ಟಬೇಡಿ.

ಬಾನೆಟ್ ಎತ್ತಿ

ಬೆಳಿಗ್ಗೆ ಬೇಗ ಹೋಗಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಆಗಲೇ ಬಿಸಿ ಇದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿದ್ದಾರೆ. ‘ಸುಮ್ನೆ ತೊಳೆಯೋಕೆ ಹೊರಗೆ ತೆಗೆದಿದ್ವಿ ರೀ’ ಅನ್ನುತ್ತಾರೆ. ಇರಬಹುದು. ಆದರೂ ಇನ್ನೊಂದು ದಿನ ಹೋಗಿ, ಎಂಜಿನ್ ತಣ್ಣಗಿದ್ದಾಗ ಸೆಲ್ಫ್ ಹೊಡೆಸಿ. ಕೀ ತಿರುಗಿಸಿದಾಗ ಚೆಕ್ ಎಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಕೈಯಾಡಿಸಿರಬಹುದು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಸಿಲಿಂಡರ್ ಒಳಗೆ ಹೋಗುತ್ತಿದೆ, ಎಂಜಿನ್ ಹೆಡ್ ಕೆಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಎರಡರಲ್ಲೂ ಕೈಮುಗಿದು ವಾಪಸ್ ಬನ್ನಿ.

ನಮ್ಮ ಕಡೆ ವಿಶೇಷವಾಗಿ ನೋಡಬೇಕಾದ್ದು ನೀರು. ಕೂಲೆಂಟ್ ಕಡಿಮೆಯಾದರೆ ಬೋರ್ ನೀರು ಸುರಿಯುವ ಅಭ್ಯಾಸ ಬಹಳ ಜನಕ್ಕಿದೆ. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಜೊತೆಗೆ ತುಕ್ಕು. ಚಳಿಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ, ಮೇ ತಿಂಗಳಲ್ಲಿ ಗಾಡಿ ಹೀಟ್ ಆಗಿ ರಸ್ತೆ ಬದಿ ನಿಲ್ಲುತ್ತದೆ. ಕೂಲೆಂಟ್ ಡಬ್ಬಿಯಲ್ಲಿ ಹಸಿರೋ ಕೆಂಪೋ ನೀಲಿಯೋ, ಸ್ವಚ್ಛ ಬಣ್ಣ ಇರಬೇಕು. ರಾಡಿಯಂತೆ ಕಂದು ಇದ್ದರೆ, ಬರೀ ನೀರಿದ್ದರೆ ಎಚ್ಚರ. ಎಂಜಿನ್ ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ, ಬಿಸಿ ಇದ್ದಾಗ ತೆಗೆದರೆ ಮುಖ ಸುಟ್ಟುಕೊಳ್ಳುತ್ತೀರಿ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯ ಬಣ್ಣದ ಜಿಡ್ಡು ಕಂಡರೆ ಆಯಿಲ್‌ಗೆ ನೀರು ಸೇರಿರಬಹುದು, ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ.

ಎರಡನೆಯದು ದೂಳು. ಸಂಡೂರು, ತೋರಣಗಲ್ಲು ಕಡೆಯ ಕಬ್ಬಿಣದ ಅದಿರಿನ ದೂಳಲ್ಲಿ ಓಡಿದ ಗಾಡಿಯಾದರೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ಫಿಲ್ಟರ್ ಕೆಂಪಾಗಿರುವುದು ಸಹಜ, ಅದರ ಕೆಲಸವೇ ಅದು. ಬೆರಳಾಡಿಸಬೇಕಾದ್ದು ಫಿಲ್ಟರ್‌ನ ಆಚೆ, ಎಂಜಿನ್ ಕಡೆಗೆ ಹೋಗುವ ಕೊಳವೆಯಲ್ಲಿ. ಅಲ್ಲಿ ಕೆಂಪು ದೂಳು ಸಿಕ್ಕರೆ ಅದಿರಿನ ಪುಡಿ ಸಿಲಿಂಡರ್‌ವರೆಗೂ ಹೋಗಿದೆ. ಪಿಸ್ಟನ್ ರಿಂಗ್ ಸವೆದಿರಬಹುದು. ಗಾಡಿ ಇಷ್ಟವಾಗಿದ್ದರೆ ಮೆಕ್ಯಾನಿಕ್ ಕೈಲಿ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒತ್ತಡದ ಪರೀಕ್ಷೆ) ಮಾಡಿಸಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಓಡಿಸಿ ನೋಡಿ, ಮಧ್ಯಾಹ್ನ

ಬೆಳಿಗ್ಗೆ ಪಾಸಾದ ಗಾಡಿಯನ್ನು ಮಧ್ಯಾಹ್ನ ಎಸಿ ಪೂರ್ತಿ ಹಾಕಿ ಓಡಿಸಿ. ಸಾಧ್ಯವಾದರೆ ಜೊತೆಗೆ ಮೂರು ಜನ ಕೂರಲಿ. ಆಮೇಲೆ ಹತ್ತು ನಿಮಿಷ ಸ್ಟಾರ್ಟ್‌ನಲ್ಲೇ ನಿಲ್ಲಿಸಿ. ರೇಡಿಯೇಟರ್ ಫ್ಯಾನ್ ತಿರುಗಬೇಕು, ಎಸಿ ತಂಪು ಕಮ್ಮಿಯಾಗಬಾರದು. ಮೂರು ಸಿಲಿಂಡರ್ ಎಂಜಿನ್ ಸ್ವಲ್ಪ ನಡುಗುವುದು ಇದ್ದದ್ದೇ, ಆದರೆ ಬಂದ್ ಬೀಳುವಂತೆ ಒದ್ದಾಡಬಾರದು. ಕೆಲವು ಸಣ್ಣ ಕಾರುಗಳಲ್ಲಿ ಹೀಟ್ ತೋರಿಸುವ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಅದು ಹತ್ತುವ ಹೊತ್ತಿಗೆ ತಡವಾಗಿರುತ್ತದೆ.

ಗಾಡಿ ಎಲ್ಲಿಯದು ಅನ್ನುವುದೂ ಮುಖ್ಯ. ಬೆಂಗಳೂರಿನ ಗಾಡಿ 40,000 ಕಿ.ಮೀ. ಓಡಿದೆ ಅಂದರೆ ಕಮ್ಮಿ ಅನ್ನಿಸುತ್ತದೆ. ಆದರೆ ಟ್ರಾಫಿಕ್‌ನಲ್ಲಿ ನಿಂತಾಗಲೂ ಎಂಜಿನ್ ಓಡುತ್ತಲೇ ಇರುತ್ತದೆ, ಅದನ್ನು ಮೀಟರ್ ಲೆಕ್ಕ ಹಾಕುವುದಿಲ್ಲ. ಕೆಎ 34, 36, 37ರ (ಬಳ್ಳಾರಿ, ರಾಯಚೂರು, ಕೊಪ್ಪಳ) ಗಾಡಿ ಅಷ್ಟೇ ಕಿ.ಮೀ.ಗೆ ಕಮ್ಮಿ ಗಂಟೆ ದುಡಿದಿರುತ್ತದೆ. ಆಂಧ್ರ, ತೆಲಂಗಾಣದ ಗಾಡಿ ಅಗ್ಗ ಅಂತ ಮುಗಿಬೀಳುವ ಮುಂಚೆ ಅಲ್ಲಿನ ಆರ್‌ಟಿಒದ ಎನ್ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ.

ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಒಂದು ಮಾತು. 2023ರ ಏಪ್ರಿಲ್‌ಗೆ ಮುಂಚಿನ ಬಹುಪಾಲು ಗಾಡಿಗಳನ್ನು ಅದಕ್ಕಾಗಿ ಹೊಂದಿಸಿರಲಿಲ್ಲ. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಹಳೆ ಮೈಲೇಜ್ ಅಂಕಿಯನ್ನು ನಂಬಬೇಡಿ. ಹಳೆ ಗಾಡಿಯಾದರೆ ಪೆಟ್ರೋಲ್ ಪೈಪ್‌ಗಳ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿಸಿ.

ಕೊಂಡ ವಾರವೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಿಸಿ. ರೇಡಿಯೇಟರ್ ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಕಂಪನಿ ಹೇಳಿದ ಕೂಲೆಂಟ್ ಹಾಕಿಸಿ. ಅದರ ಒಂದು ಬಾಟಲಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.