ಓಟಕ್ಕಿಂತ ಮೊದಲು ಆಟ ನೋಡಿ
ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಮುನ್ನ ಕಾಲೇಜು ಆಟಗಾರನನ್ನು ಅಳೆಯುವ ಬಗೆ

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟ್ ಮೊದಲ ನೋಟಕ್ಕೆ ಸಪ್ಪೆ ಎನಿಸುತ್ತದೆ. ಅಲ್ಲಿ ಕೋಟಿಗಳ ಕೂಗಾಟವಿಲ್ಲ. ಸರದಿ ಬಂದಾಗ ತಂಡವೊಂದು ಒಬ್ಬ ಹುಡುಗನ ಹೆಸರು ಹೇಳುತ್ತದೆ, ಅಷ್ಟೆ. ಪ್ರತಿ ಏಪ್ರಿಲ್ ಕೊನೆಯಲ್ಲಿ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು 7 ಸುತ್ತುಗಳಲ್ಲಿ ಸುಮಾರು 250 ಕಾಲೇಜು ಆಟಗಾರರನ್ನು ಹೀಗೆ ಆರಿಸಿಕೊಳ್ಳುತ್ತವೆ. ಹಿಂದಿನ ಹಂಗಾಮಿನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಹೈಸ್ಕೂಲು ಮುಗಿಸಿ 3 ವರ್ಷವಾಗದ ಹುಡುಗನನ್ನು ಮುಟ್ಟುವಂತಿಲ್ಲ.

ತಪ್ಪು ಆಯ್ಕೆಗಳ ಚರಿತ್ರೆ ಡ್ರಾಫ್ಟ್‌ನಷ್ಟೇ ಹಳೆಯದು. 1936ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಮೊಟ್ಟಮೊದಲ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅಂದಿನಿಂದ ತಂಡಗಳಿಗಾಗಿ ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟ್‌ಗಳ ಸಂಖ್ಯೆ ಬೆಳೆದಿದೆ, ಕಂಪ್ಯೂಟರ್ ಬಂದಿದೆ, ಅಳತೆಪಟ್ಟಿ ಬಂದಿದೆ. ತಪ್ಪುಗಳು ಮಾತ್ರ ನಿಂತಿಲ್ಲ. ಬಹಳಷ್ಟು ತಪ್ಪುಗಳಿಗೆ ನನ್ನ ಲೆಕ್ಕದಲ್ಲಿ ಮೂಲ ಒಂದೇ: ನೋಡಬೇಕಾದ್ದನ್ನು ನೋಡಬೇಕಾದ ಕ್ರಮದಲ್ಲಿ ನೋಡದಿರುವುದು. ಮನೆಯಲ್ಲೇ ಕುಳಿತು ಈ ಕೆಲಸವನ್ನು ಮಾಡಿ ನೋಡಬೇಕೆನ್ನುವವರು ಕ್ರಮವನ್ನು ಹಿಡಿದರೆ ಅರ್ಧ ದಾರಿ ಸಾಗಿದಂತೆ.

ಒಂದು ಸ್ಥಾನ, ಮೂರು ಪಂದ್ಯ

ಮೊದಲ ವರ್ಷವೇ ನೂರು ಆಟಗಾರರ ಪಟ್ಟಿ ಮಾಡಲು ಹೋಗಬೇಡಿ. ಒಂದು ಸ್ಥಾನವನ್ನು ಆರಿಸಿಕೊಳ್ಳಿ. ಎಲ್ಲರ ಕಣ್ಣೂ ಚೆಂಡು ಎಸೆದು ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್ ಮೇಲೆ ಹೋಗುತ್ತದೆ, ಆದರೆ ಕಲಿಯಲು ಅದು ಅತ್ಯಂತ ಕಷ್ಟದ ಸ್ಥಾನ. ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವವರನ್ನು ಮುಂದಿನ ಸಾಲಿನ ಎಡತುದಿಯಲ್ಲಿ ತಡೆಯುವ ಎಡ ಟ್ಯಾಕಲ್‌ನಿಂದ ಶುರು ಮಾಡುವುದು ಒಳ್ಳೆಯದು. ಅವನ ಕೆಲಸ ಒಂದೇ ಜಾಗದಲ್ಲಿ ನಡೆಯುತ್ತದೆ, ಎದುರಾಳಿ ಯಾರೆಂಬುದು ಕಾಣುತ್ತದೆ, ಗೆದ್ದನೋ ಸೋತನೋ ಎಂಬುದು ಮೂರ್ನಾಲ್ಕು ಸೆಕೆಂಡುಗಳಲ್ಲಿ ಗೊತ್ತಾಗುತ್ತದೆ.

ಒಬ್ಬ ಆಟಗಾರನಿಗೆ ಮೂರು ಪಂದ್ಯ ಸಾಕು, ಆದರೆ ಆ ಮೂರನ್ನು ಯೋಚಿಸಿ ಆರಿಸಬೇಕು. ಒಂದು, ಅವನ ಎದುರು ಮುಂದೆ ಎನ್‌ಎಫ್‌ಎಲ್‌ಗೆ ಹೋಗಬಲ್ಲ ಆಟಗಾರ ನಿಂತಿದ್ದ ಪಂದ್ಯ. ಇನ್ನೊಂದು, ಅವನ ತಂಡ ಚೆನ್ನಾಗಿ ಹೊಡೆತ ತಿಂದ ಪಂದ್ಯ. ಮತ್ತೊಂದು ನವೆಂಬರಿನದು, ಮೈಯೆಲ್ಲ ನೋಯುವ ಕಾಲದ್ದು. ಯೂಟ್ಯೂಬಿನ ಎರಡು ನಿಮಿಷದ ತುಣುಕುಗಳನ್ನು ಮುಟ್ಟಲೇಬೇಡಿ; ಅವು ಹುಡುಗನನ್ನು ಹೊಗಳಿ ಹೊನ್ನಶೂಲಕ್ಕೇರಿಸಲೆಂದೇ ಕತ್ತರಿಸಿದವು.

ಟಿವಿ ಪ್ರಸಾರದ ತೊಂದರೆಯೊಂದನ್ನು ತಿಳಿದಿರಿ. ಅದರ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಎಸೆತ ಹಿಡಿಯಲು ದೂರ ಓಡಿದ ರಿಸೀವರ್, ಅವನನ್ನು ತಡೆಯಲು ಬೆನ್ನಿಗಿದ್ದ ಕಾರ್ನರ್‌ಬ್ಯಾಕ್ ಇಬ್ಬರೂ ಪರದೆಯಿಂದ ಮಾಯವಾಗುತ್ತಾರೆ. ತಂಡಗಳ ಸ್ಕೌಟ್‌ಗಳು ನೋಡುವುದು ಮೈದಾನದ 22 ಜನರೂ ಒಟ್ಟಿಗೆ ಕಾಣುವ, ಎತ್ತರದಿಂದ ತೆಗೆದ ಚಿತ್ರಣವನ್ನು. ಅದು ನಮಗೆ ಸಿಗುವುದು ಅಪರೂಪ. ಟ್ಯಾಕಲ್‌ನಂಥ ಲೈನ್‌ಮನ್‌ಗಳಿಂದ, ಎಂದರೆ ಮುಂದಿನ ಸಾಲಿನವರಿಂದ, ಶುರು ಮಾಡಲು ಇದೂ ಒಂದು ಕಾರಣ: ಸಾಮಾನ್ಯ ಪ್ರಸಾರದಲ್ಲೂ ಅವರು ಸದಾ ಕಾಣುತ್ತಾರೆ.

ಚೆಂಡನ್ನು ಮರೆತು ಪಾದ ನೋಡಿ

ಮೂರನೇ ಡೌನ್ (10 ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನು 7 ಗಜ ಬೇಕು ಎಂದಿಟ್ಟುಕೊಳ್ಳಿ. ಪಾಸ್, ಎಂದರೆ ಎಸೆತ, ಬರುತ್ತದೆಂದು ಮೈದಾನದಲ್ಲಿರುವ ಎಲ್ಲರಿಗೂ ಗೊತ್ತು. ಎಡ ಟ್ಯಾಕಲ್‌ನ ಎದುರು, ಸ್ವಲ್ಪ ಹೊರಗೆ, ಬೆರಳು ನೆಲಕ್ಕೂರಿ ಕುಳಿತ ರಶರ್ (ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಲು ನುಗ್ಗುವವನು) ಚೆಂಡು ಅಲುಗಿದ ಕ್ಷಣವೇ ಬಾಣದಂತೆ ನುಗ್ಗುತ್ತಾನೆ. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಆ ಕಡೆ ಬೆನ್ನು. ಈಗ ವಿಡಿಯೊ ನಿಲ್ಲಿಸಿ, ಹಿಂದಕ್ಕೆ ಒಯ್ದು, ಟ್ಯಾಕಲ್‌ನನ್ನು ಮಾತ್ರ ಮೂರು ಸಲ ನೋಡಿ.

ಮೊದಲ ಸಲ ಪಾದ. ಚೆಂಡು ಕದಲಿದಾಗ ಅವನೂ ಕದಲಿದನೇ, ಅಥವಾ ಪಕ್ಕದವನನ್ನು ನೋಡಿ ಎದ್ದನೇ? ಹಿಂದಕ್ಕೆ ಜಾರುವ ಹೆಜ್ಜೆಗಳು ನೆಲಕ್ಕೆ ಹತ್ತಿರವಿವೆಯೇ? ಎರಡು ಪಾದಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದರೆ ಆ ಗಳಿಗೆಯಲ್ಲಿ ಅವನನ್ನು ಮಗುವೂ ತಳ್ಳಬಹುದು. ಬಾಗಿದ್ದು ಮಂಡಿಯೋ ಸೊಂಟವೋ ಎಂಬುದು ಇನ್ನೂ ಮುಖ್ಯ. ಸೊಂಟ ಬಾಗಿಸುವವನ ತಲೆ ಪಾದಗಳಿಗಿಂತ ಮುಂದೆ ಹೋಗಿರುತ್ತದೆ. ಜಾಣ ರಶರ್ ತಳ್ಳುವುದಿಲ್ಲ, ಹಿಡಿದು ಎಳೆಯುತ್ತಾನೆ, ಟ್ಯಾಕಲ್ ಮುಗ್ಗರಿಸುತ್ತಾನೆ.

ಎರಡನೇ ಸಲ ಕೈ. ಅಂಗೈಗಳು ಎದುರಾಳಿಯ ಎದೆಯ ಮಧ್ಯಕ್ಕೆ ಬಿದ್ದರೆ ಹಿಡಿತ ಅವನದು. ಭುಜದ ಹೊರಗೆ ಬಿದ್ದರೆ ಅಂಗಿ ಜಗ್ಗಿದಂತೆ ಕಾಣುತ್ತದೆ, ಹಳದಿ ಧ್ವಜ ಬೀಳುತ್ತದೆ, 10 ಗಜ ದಂಡ. ಮೂರನೇ ಸಲ, ಸೋತ ಮೇಲೆ ಏನಾಯಿತು? ಹೊರಗೆ ಹೋಗುವಂತೆ ನಟಿಸಿ ರಶರ್ ಒಳಕ್ಕೆ ತಿರುಗಿದಾಗ ಎಲ್ಲ ಟ್ಯಾಕಲ್‌ಗಳೂ ಒಂದು ಹೆಜ್ಜೆ ಸೋಲುತ್ತಾರೆ. ಆ ಒಂದು ಹೆಜ್ಜೆಯನ್ನು ಮರಳಿ ಗಳಿಸುವವನು ಬೇಕು.

ಇದನ್ನೇ ನಾಲ್ಕನೇ ಕ್ವಾರ್ಟರ್‌ನಲ್ಲಿ ಮತ್ತೆ ನೋಡಿ. ಮೊದಲ ಕ್ವಾರ್ಟರ್‌ನ ಮಂಡಿ ಈಗಲೂ ಬಾಗುತ್ತಿದೆಯೇ?

ಕ್ವಾರ್ಟರ್‌ಬ್ಯಾಕ್‌ಗೆ ಬಂದರೆ, ಚೆಂಡು ಎಷ್ಟು ದೂರ ಹೋಯಿತು ಎಂಬುದು ಕೊನೆಯ ಪ್ರಶ್ನೆ. ರಿಸೀವರ್ ತಿರುಗುವ ಮೊದಲೇ ಚೆಂಡು ಕೈಬಿಟ್ಟಿತೇ, ತಿರುಗಿ ನಿಂತ ಮೇಲೆ ಬಿಟ್ಟಿತೇ? ಕಾಲೇಜಿನಲ್ಲಿ ಎರಡನೆಯದೂ ನಡೆಯುತ್ತದೆ, ಎನ್‌ಎಫ್‌ಎಲ್‌ನಲ್ಲಿ ಅಷ್ಟರೊಳಗೆ ಡಿಫೆಂಡರ್ ಬಂದಿರುತ್ತಾನೆ. ಎದುರಾಳಿಗಳು ಮೈಮೇಲೆ ಬರುವಾಗ ಅವನ ಕಣ್ಣು ದೂರದ ರಿಸೀವರ್‌ಗಳ ಮೇಲಿದೆಯೇ, ಬರುತ್ತಿರುವ ದೈತ್ಯನ ಮೇಲಿದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ತೋಳಿನ ಬಲದ ವಿಚಾರವನ್ನು ನಿಧಾನವಾಗಿ ನೋಡಬಹುದು.

ರಿಸೀವರ್‌ಗಳಲ್ಲಿ ಒಂದು ಸಣ್ಣ ಸಂಗತಿ: ಅಂಚಿನ ಗೆರೆಯ ಬಳಿ ಕಾಲೇಜು ನಿಯಮಕ್ಕೆ ಒಂದು ಪಾದ ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ಗೆ ಎರಡೂ ಬೇಕು. ಕಾಲೇಜಿನಲ್ಲೇ ಎರಡನೇ ಪಾದವನ್ನು ಎಳೆದು ಒಳಗಿಡುವ ಹುಡುಗನಿದ್ದರೆ ಅವನ ಹೆಸರಿನ ಮುಂದೆ ಒಂದು ಗುರುತು ಹಾಕಿ.

ಅವನಿಗೆ ಒಪ್ಪಿಸಿದ ಕೆಲಸವೇನು?

ಅಂಕಿ ಅಂಶಗಳ ಪುಟ ತೆರೆಯುವುದು ಇದಾದ ಮೇಲೆ. ಕ್ವಾರ್ಟರ್‌ಬ್ಯಾಕ್ ಎಸೆತಗಳಲ್ಲಿ ಶೇಕಡ 70 ಗುರಿ ಮುಟ್ಟಿದರೆ ಬೀಗಬೇಡಿ; ಅವುಗಳಲ್ಲಿ ಎಷ್ಟು ಪಕ್ಕದಲ್ಲೇ ನಿಂತವನಿಗೆ ಕೊಟ್ಟ ಚಿಲ್ಲರೆ ಪಾಸ್ ಎಂದು ಎಣಿಸಿ. ಜೋಶ್ ಆ್ಯಲೆನ್ ವ್ಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಶೇಕಡ 56ರ ಆಸುಪಾಸಿನಲ್ಲಿದ್ದರು. ಅಂಕಿಯನ್ನು ನಂಬಿದವರು ಅವರನ್ನು ತಳ್ಳಿಹಾಕಿದರು. ಬಫಲೊ ಬಿಲ್ಸ್ 2018ರಲ್ಲಿ 7ನೇ ಸರದಿಯಲ್ಲಿ ತೆಗೆದುಕೊಂಡಿತು, 2024ರ ಹಂಗಾಮಿನಲ್ಲಿ ಅವರು ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಪಡೆದರು. ಇದನ್ನು ಓದಿ ಗುರಿ ತಪ್ಪುವವರೆಲ್ಲ ಆ್ಯಲೆನ್ ಆಗುತ್ತಾರೆಂದು ಹೊರಡುವವರೂ ಇದ್ದಾರೆ. ಅವರಿಗೆ ಏನು ಹೇಳಲಿ!

ಸಣ್ಣ ಕಾಲೇಜಿನವನಾದರೆ ಎದುರಾಳಿ ಯಾರಿದ್ದರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಸಿಗುವ ಜಾಗ ಅಲಬಾಮಾದ ಮೊಬೈಲ್ ನಗರದಲ್ಲಿ ನಡೆಯುವ ಸೀನಿಯರ್ ಬೌಲ್, ಡ್ರಾಫ್ಟ್‌ಗೆ ಹೊರಟ ಕಾಲೇಜು ಆಟಗಾರರ ಪ್ರದರ್ಶನ ಪಂದ್ಯ. ಶನಿವಾರದ ಪಂದ್ಯಕ್ಕಿಂತ ಅದಕ್ಕೆ ಮುಂಚಿನ ದಿನಗಳ ಅಭ್ಯಾಸವೇ ಅಲ್ಲಿ ಮುಖ್ಯ. ದೊಡ್ಡ ಕಾಲೇಜಿನ ರಶರ್ ಎದುರು ಸಣ್ಣ ಕಾಲೇಜಿನ ಟ್ಯಾಕಲ್ ಒಂಟಿಯಾಗಿ ನಿಲ್ಲುತ್ತಾನೆ, ಅಕ್ಕಪಕ್ಕ ಯಾರ ನೆರವೂ ಇರುವುದಿಲ್ಲ.

ಈಗ ಅಳತೆಪಟ್ಟಿ

ಫೆಬ್ರುವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್. ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಕರೆದು ತೂಗುತ್ತಾರೆ, ಅಳೆಯುತ್ತಾರೆ, ಓಡಿಸುತ್ತಾರೆ, ಜಿಗಿಸುತ್ತಾರೆ, 225 ಪೌಂಡ್ ಎಂದರೆ ಸುಮಾರು 102 ಕೆ.ಜಿ. ಭಾರವನ್ನು ಎಷ್ಟು ಸಲ ಎತ್ತಬಲ್ಲರೆಂದು ಎಣಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಸುದ್ದಿ 40 ಗಜದ ಓಟ. ಟಿವಿಗೆ ಅದು ಹಬ್ಬ. ಲೈನ್‌ಮನ್ ಒಬ್ಬ ಪಂದ್ಯದಲ್ಲಿ 40 ಗಜ ನೇರ ಓಡುವ ಸಂದರ್ಭ ಬರುವುದು ಯಾವಾಗಲೋ ಒಮ್ಮೆ. ಅವನಿಗೆ ಮೊದಲ 10 ಗಜದ ಕಾಲವನ್ನಷ್ಟೇ ನೋಡಿ.

2017ರಲ್ಲಿ ರಿಸೀವರ್ ಜಾನ್ ರಾಸ್ 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಮುರಿದರು. ಸಿನ್ಸಿನಾಟಿ ಬೆಂಗಾಲ್ಸ್ 9ನೇ ಸರದಿಯಲ್ಲಿ ಅವರನ್ನು ಎತ್ತಿಕೊಂಡಿತು. ಗಾಯಗಳು ಬೆನ್ನುಹತ್ತಿದವು, ಮೊದಲ ಹಂಗಾಮಿನಲ್ಲಿ ಅವರು ಒಂದು ಪಾಸನ್ನೂ ಹಿಡಿಯಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ 4.62 ಸೆಕೆಂಡ್ ತೆಗೆದುಕೊಂಡ, ಈಸ್ಟರ್ನ್ ವಾಷಿಂಗ್ಟನ್ ಎಂಬ ಸಣ್ಣ ಕಾಲೇಜಿನ ಕೂಪರ್ ಕಪ್ 69ನೆಯವರಾಗಿ ಲಾಸ್ ಏಂಜಲೀಸ್ ರ್‍ಯಾಮ್ಸ್ ಸೇರಿದರು. 2021ರ ಹಂಗಾಮಿನಲ್ಲಿ 145 ಪಾಸ್ ಹಿಡಿದು, ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನೂ ಆದರು. ಅಂದಹಾಗೆ, ರಾಸ್ ನಂತರದ ಸರದಿಯಲ್ಲಿ, 10ನೆಯವರಾಗಿ ಹೋದವರು ಮುಂದೆ ಸೂಪರ್ ಬೌಲ್‌ಗಳನ್ನು ಗೆದ್ದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್.

ಇದಕ್ಕಿಂತ ದುಬಾರಿ ಪಾಠ 1995ರದು. ಬಾಸ್ಟನ್ ಕಾಲೇಜಿನ ರಶರ್ ಮೈಕ್ ಮಮುಲಾ ಕಂಬೈನ್‌ನ ಕಸರತ್ತುಗಳಲ್ಲಿ ಎಲ್ಲರ ಹುಬ್ಬೇರಿಸಿದರು. ಫಿಲಡೆಲ್ಫಿಯಾ ಈಗಲ್ಸ್ ತನ್ನ 12ನೇ ಸರದಿಯ ಜೊತೆಗೆ ಮತ್ತಷ್ಟು ಸರದಿಗಳನ್ನು ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು 7ನೇ ಸ್ಥಾನಕ್ಕೆ ಏರಿ ಅವರನ್ನು ತೆಗೆದುಕೊಂಡಿತು. ಮಮುಲಾ ಕೆಟ್ಟ ಆಟಗಾರರೇನಲ್ಲ, 5 ಹಂಗಾಮುಗಳಲ್ಲಿ 31.5 ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದರು. ಆದರೆ ಟ್ಯಾಂಪಾ ಬೇ ಆ 12ನೇ ಸರದಿಯಲ್ಲಿ ವಾರನ್ ಸ್ಯಾಪ್‌ರನ್ನೂ 28ನೆಯದರಲ್ಲಿ ಡೆರಿಕ್ ಬ್ರೂಕ್ಸ್‌ರನ್ನೂ ಪಡೆಯಿತು. ಇಬ್ಬರೂ ಇಂದು ಆಟದ ಮಹನೀಯರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ.

ಹಾಗಾದರೆ ಅಂಕಿಗಳು ಏತಕ್ಕೆ? ನಿಮ್ಮನ್ನು ಮತ್ತೆ ವಿಡಿಯೊ ಮುಂದೆ ಕೂರಿಸುವುದಕ್ಕೆ. ಪಂದ್ಯದಲ್ಲಿ ನಿಧಾನ ಎಂದು ನೀವು ಬರೆದುಕೊಂಡವನು ಕಂಬೈನ್‌ನಲ್ಲಿ ಗಾಳಿಯಂತೆ ಓಡಿದರೆ, ಪಂದ್ಯದಲ್ಲೇಕೆ ಹಾಗೆ ಓಡಲಿಲ್ಲ ಎಂದು ಹುಡುಕಿ. ಬಹುಶಃ ಎದುರಾಳಿಯ ಯೋಜನೆಯನ್ನು ಓದಲು ತಡಮಾಡುತ್ತಿದ್ದಾನೆ. ಅದು ಕಾಲಿನ ದೋಷವಲ್ಲ, ಕಲಿಸಬಹುದಾದದ್ದು.

ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂಬಂತೆ ಅಳತೆಯಲ್ಲಿ ಹುಳುಕು ಹುಡುಕುವವರೂ ಕಡಿಮೆಯಿಲ್ಲ. ಎಲ್‌ಎಸ್‌ಯು ಕಾಲೇಜಿನ ಟ್ಯಾಕಲ್ ವಿಲ್ ಕ್ಯಾಂಪ್‌ಬೆಲ್‌ರ ತೋಳು 2025ರ ಕಂಬೈನ್‌ನಲ್ಲಿ 33 ಇಂಚಿಗಿಂತ ತುಸು ಕಡಿಮೆ ಬಂತು, ಕೆಲವೇ ವಾರಗಳ ಬಳಿಕ ಸ್ಕೌಟ್‌ಗಳಿಗಾಗಿ ಕಾಲೇಜೇ ನಡೆಸುವ ಪರೀಕ್ಷೆಯ ದಿನವಾದ ಪ್ರೊ ಡೇಯಲ್ಲಿ ಸರಿಯಾಗಿ 33 ಬಂತು. ನಡುವೆ ಹುಡುಗನ ತೋಳು ಬೆಳೆಯಿತೋ ಟೇಪು ಸಡಿಲವಾಯಿತೋ ದೇವರೇ ಬಲ್ಲ. ಆ ಅರ್ಧ ಇಂಚಿಗೂ ಕಡಿಮೆ ಅಂತರದ ಮೇಲೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ನ್ಯೂ ಇಂಗ್ಲೆಂಡ್ ಪೇಟ್ರಿಯಾಟ್ಸ್ 4ನೇ ಸರದಿಯಲ್ಲಿ ಅವರನ್ನೇ ಆರಿಸಿತು.

ಕಾಣದ ಭಾಗ

ವೈದ್ಯಕೀಯ ತಪಾಸಣೆ ಮತ್ತು ಸಂದರ್ಶನ ನಮ್ಮ ಕೈಗೆ ಸಿಗುವುದಿಲ್ಲ. ಕಂಬೈನ್‌ನ ನಿಜವಾದ ಉಪಯೋಗ ತಂಡದ ವೈದ್ಯರಿಗೇ ಹೊರತು ಟಿವಿಗಲ್ಲ. ಕಾಲೇಜಿನಲ್ಲಿ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆಯಾಗಿದ್ದ, ಚೆಂಡು ಹಿಡಿದು ಓಡುವ ಆಟಗಾರ ಫ್ರಾಂಕ್ ಗೋರ್ 2005ರಲ್ಲಿ ಮೂರನೇ ಸುತ್ತಿಗೆ ಜಾರಿದರು, ಆಮೇಲೆ 16 ಹಂಗಾಮು ಓಡಿ 16,000 ಗಜ ಗಳಿಸಿದರು. ವೈದ್ಯರೂ ಊಹಿಸುವವರೇ. ನಿಮ್ಮ ಟಿಪ್ಪಣಿಯಲ್ಲಿ ಗಾಯದ ಹೆಸರು, ತಪ್ಪಿಸಿಕೊಂಡ ಪಂದ್ಯಗಳ ಸಂಖ್ಯೆ, ಇಷ್ಟನ್ನು ಬರೆದು ಮುಂದೆ ಸಾಗಿ. ಏಪ್ರಿಲ್ ಬಂದಂತೆ ಹಬ್ಬುವ ಗಾಳಿಸುದ್ದಿಗೆ ಕಿವಿಗೊಡಬೇಡಿ. ತಾನು ಬಯಸಿದ ಆಟಗಾರ ಕೆಳಗೆ ಜಾರಲಿ ಎಂದು ಆಶಿಸುವ ತಂಡವೂ ಆ ಸುದ್ದಿಯ ಮೂಲವಾಗಿರಬಹುದು.

ಬರೆದಿಡಿ, ಆಮೇಲೆ ಬೆಲೆ ಕಟ್ಟಿ

ವರದಿ ಚಿಕ್ಕದಿರಲಿ, ಆದರೆ ಕಣ್ಣಿಗೆ ಕಂಡದ್ದೇ ಇರಲಿ. “ಒಳ್ಳೆಯ ಕಾಲ್ಚಳಕ” ಎಂದರೆ ಏನೂ ಹೇಳಿದಂತಲ್ಲ. ಹೀಗಿರಬೇಕು: “ಎಡ ಟ್ಯಾಕಲ್. ಹೊರಗಿನಿಂದ ಬರುವ ವೇಗವನ್ನು ತಡೆಯುತ್ತಾನೆ. ಒಳಕ್ಕೆ ತಿರುಗುವವರ ಎದುರು ಬಲಗಾಲು ತಡವಾಗುತ್ತದೆ. ಕೈ ಮೊದಲು ಚಾಚುತ್ತಾನೆ, ಆದರೆ ಅಗಲಕ್ಕೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಸೊಂಟದಿಂದ ಬಾಗತೊಡಗಿದ. ಟ್ಯಾಕಲ್‌ನ ಒಳಪಕ್ಕದ ಗಾರ್ಡ್ ಸ್ಥಾನಕ್ಕೆ ಸರಿಸಿದರೆ ಮೊದಲ ವರ್ಷವೇ ಆಡಬಲ್ಲ.” ಕೊನೆಯ ವಾಕ್ಯ ಕಡ್ಡಾಯ. ಅವನು ಎಲ್ಲಿ, ಯಾವಾಗ ಆಡುತ್ತಾನೆ ಎಂದು ಹೇಳದ ವರದಿಯನ್ನು ಯಾವ ತಂಡವೂ ಬಳಸಲಾರದು.

ಬೆಲೆ ಬೇರೆಯದೇ ಲೆಕ್ಕ. ಆಟಗಾರ ಒಳ್ಳೆಯವನೇ ಎಂಬುದು ಒಂದು ಪ್ರಶ್ನೆ, ಈ ಸರದಿಗೆ ಒಳ್ಳೆಯವನೇ ಎಂಬುದು ಇನ್ನೊಂದು. 1990ರ ದಶಕದ ಆರಂಭದಲ್ಲಿ ಜಿಮ್ಮಿ ಜಾನ್ಸನ್ ತರಬೇತುದಾರರಾಗಿದ್ದ ಡಲ್ಲಾಸ್ ಕೌಬಾಯ್ಸ್ ತಂಡ ಸರದಿಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿಕೊಂಡಿತ್ತು: ಮೊದಲ ಸರದಿಗೆ 3,000, 16ನೆಯದಕ್ಕೆ 1,000, 32ನೆಯದಕ್ಕೆ 590. ಸರದಿಗಳ ಕೊಡು-ಕೊಳ್ಳುವಿಕೆಗೆ ಅದು ಬಹುಕಾಲ ಪಂಚಾಂಗದಂತಿತ್ತು. ಆಮೇಲೆ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಲೆಕ್ಕ ಹಾಕಿ, ತಂಡಗಳು ಮೇಲಿನ ಸರದಿಗಳಿಗೆ ಅತಿಯಾದ ಬೆಲೆ ಕೊಡುತ್ತವೆ ಎಂದು ತೋರಿಸಿದರು. ತಮ್ಮ ಕಣ್ಣಿನ ಮೇಲೆ ತಂಡಗಳಿಗಿರುವ ಅತಿವಿಶ್ವಾಸವೇ ಅದಕ್ಕೆ ಕಾರಣ ಎಂಬುದು ಅವರ ವಾದ.

ಕ್ಯಾರೊಲಿನಾ ಪ್ಯಾಂಥರ್ಸ್ 2023ರಲ್ಲಿ ಮೊದಲ ಸರದಿಗಾಗಿ ಶಿಕಾಗೊ ಬೇರ್ಸ್‌ಗೆ ಕೊಟ್ಟದ್ದನ್ನು ನೋಡಿ: ಆ ವರ್ಷದ 9 ಮತ್ತು 61ನೇ ಸರದಿ, 2024ರ ಮೊದಲ ಸುತ್ತಿನದು, 2025ರ ಎರಡನೇ ಸುತ್ತಿನದು, ಸಾಲದೆಂಬಂತೆ ರಿಸೀವರ್ ಡಿ.ಜೆ. ಮೂರ್. ಪಡೆದದ್ದು ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್. ಆ ಹಂಗಾಮಿನಲ್ಲಿ ತಂಡ 17ರಲ್ಲಿ 2 ಪಂದ್ಯ ಗೆದ್ದಿತು, ಹಾಗಾಗಿ ಶಿಕಾಗೊಗೆ ಕೊಟ್ಟಿದ್ದ 2024ರ ಸರದಿಯೇ ಆ ವರ್ಷದ ಮೊದಲನೆಯದಾಯಿತು. ಶಿಕಾಗೊ ಅದರಲ್ಲಿ ಕೇಲಬ್ ವಿಲಿಯಮ್ಸ್‌ರನ್ನು ತೆಗೆದುಕೊಂಡಿತು. 2023ರಲ್ಲಿ ಎರಡನೆಯವರಾಗಿ ಹ್ಯೂಸ್ಟನ್‌ಗೆ ಹೋದ ಸಿ.ಜೆ. ಸ್ಟ್ರೌಡ್ ಆಕ್ರಮಣ ವಿಭಾಗದ ವರ್ಷದ ಹೊಸ ಆಟಗಾರ ಎನಿಸಿಕೊಂಡರು.

ನಿಮ್ಮ ವರದಿಗಳಿಗೆ ದಿನಾಂಕ ಹಾಕಿ ಡ್ರಾಫ್ಟ್ ಆರಂಭವಾಗುವ ಗುರುವಾರದ ಮೊದಲೇ ಮುಚ್ಚಿಡಿ, ಆಮೇಲೆ ತಿದ್ದಬೇಡಿ. ತೆಗೆದು ನೋಡುವುದು 3 ವರ್ಷದ ಬಳಿಕ. ಮೊದಲ ಸುತ್ತಿನವರ ಒಪ್ಪಂದವನ್ನು ಐದನೇ ವರ್ಷಕ್ಕೆ ಮುಂದುವರಿಸಬೇಕೇ ಎಂದು ತಂಡಗಳು ತೀರ್ಮಾನಿಸುವುದೂ ಆಗಲೇ. ಹೊಸ ಪಟ್ಟಿಗೆ ಹೆಸರು ಹುಡುಕಲು ಅಷ್ಟು ಕಾಯಬೇಕಿಲ್ಲ, ಕಾಲೇಜು ಪಂದ್ಯಗಳು ಆಗಸ್ಟ್ ಕೊನೆಯಲ್ಲೇ ಶುರುವಾಗುತ್ತವೆ.