ಸ್ಪ್ರಿಂಕ್ಲರ್ ಹಾಕಿಸುವುದು ಹೇಗೆ? ಮೊದಲು ಜಾಗ ನೋಡಿ

ನಕ್ಷೆಯಲ್ಲಿ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಇರುತ್ತದೆ. ಬಿಲ್ಲಿನಲ್ಲೂ ಇರುತ್ತದೆ. ಕತ್ತೆತ್ತಿ ನೋಡಿದರೆ ಸೀಲಿಂಗಿನಲ್ಲೂ ಇರುತ್ತದೆ. ಆದರೆ ಪಕ್ಕದಲ್ಲೇ ದೊಡ್ಡ ಎಸಿ ಡಕ್ಟ್ ಅಡ್ಡ ಬಂದಿರುತ್ತದೆ, ಇಲ್ಲವೇ ಅದರ ಮೂತಿಗೆ ತಾಗುವಷ್ಟು ಎತ್ತರ ಪೆಟ್ಟಿಗೆ ಪೇರಿಸಿರುತ್ತಾರೆ. ಬೆಂಕಿ ಹತ್ತಿದ ದಿನ ನೀರೇನೋ ಬರುತ್ತದೆ, ಬೆಂಕಿಯ ಮೇಲೆ ಬೀಳುವುದಿಲ್ಲ. ನಾನು ನೋಡಿದ ಕೆಲಸಗಳಲ್ಲಿ ಜಾಸ್ತಿ ಎಡವುವುದು ಪಂಪಿನಲ್ಲೂ ಅಲ್ಲ, ಪೈಪಿನಲ್ಲೂ ಅಲ್ಲ, ಹೆಡ್ (ನೀರು ಚಿಮ್ಮುವ ಮೂತಿ) ಕೂರಿಸುವ ಜಾಗದಲ್ಲಿ. ಅದಕ್ಕೇ ಈ ಲೇಖನದ ಅರ್ಧ ಭಾಗ ಅದರ ಬಗ್ಗೆಯೇ ಇದೆ.

ಇಲ್ಲಿರುವ ಸ್ಪ್ರಿಂಕ್ಲರ್ ಅಳತೆಗಳು ಅಮೆರಿಕದ ಸ್ಪ್ರಿಂಕ್ಲರ್ ಕೋಡ್ ಎನ್‌ಎಫ್‌ಪಿಎ 13 ಹೇಳುವಂಥವು, ಸಾಮಾನ್ಯ ಪೆಂಡೆಂಟ್ (ಪೈಪಿನಿಂದ ಕೆಳಗೆ ನೇತಾಡುವ) ಮತ್ತು ಅಪ್‌ರೈಟ್ (ಪೈಪಿನ ಮೇಲೆ ನೆಟ್ಟಗೆ ನಿಲ್ಲುವ) ಹೆಡ್‌ಗಳಿಗೆ. ನಿಮ್ಮ ಕಟ್ಟಡಕ್ಕೆ ಬೇರೆ ಕೋಡ್ ಅನ್ವಯಿಸಿದರೆ ಅದನ್ನೇ ಹಿಡಿಯಿರಿ.

ಇನ್ನೊಂದು ಮಾತು. ಒಂದು ಕಡೆ ಹೊಗೆ ಬಂದರೆ ಇಡೀ ಕಟ್ಟಡದ ಸ್ಪ್ರಿಂಕ್ಲರ್ ಒಟ್ಟಿಗೆ ಸುರಿಯುತ್ತದೆ ಎಂದು ಸಿನಿಮಾ ನೋಡಿದವರು ನಂಬಿದ್ದಾರೆ. ಮಾಮೂಲಿ ವ್ಯವಸ್ಥೆಯಲ್ಲಿ ಹಾಗಾಗುವುದಿಲ್ಲ. ಹೊಗೆಗೆ ಅದು ತೆರೆಯುವುದೇ ಇಲ್ಲ, ಶಾಖಕ್ಕೆ ತೆರೆಯುತ್ತದೆ. ಅದೂ ಯಾವ ಹೆಡ್‌ಗೆ ಶಾಖ ತಟ್ಟಿತೋ ಅದು ಮಾತ್ರ.

ಹಂತ 1: ಒಳಗೆ ಏನಿಡುತ್ತೀರಿ ಎಂದು ನಿಜ ಹೇಳಿ

ಕಚೇರಿಯಂಥ ಕಡಿಮೆ ಅಪಾಯದ ಜಾಗದಲ್ಲಿ ಒಂದು ಹೆಡ್ ಹೆಚ್ಚೆಂದರೆ 20.9 ಚದರ ಮೀಟರ್ ನೋಡಿಕೊಳ್ಳಬಹುದು. ಅಂಗಡಿ, ವರ್ಕ್‌ಶಾಪ್ ಎಂದಾದರೆ ಸುಮಾರು 12 ಚದರ ಮೀಟರ್ ಮಾತ್ರ. ಎತ್ತರದ ರ‍್ಯಾಕ್ ಇರುವ ಗೋದಾಮಿನ ಲೆಕ್ಕವೇ ಬೇರೆ. ಖರ್ಚು ಉಳಿಸಲು ಕಚೇರಿ ಎಂದು ಬರೆಸಿ, ಆಮೇಲೆ ಅಲ್ಲಿ ಕಾಗದ, ಬಟ್ಟೆ, ಥರ್ಮೋಕೋಲ್ ತುಂಬಬೇಡಿ. ಆ ಬೆಂಕಿಗೆ ಆ ನೀರು ಸಾಲುವುದಿಲ್ಲ.

ಹಂತ 2: ಟ್ಯಾಂಕ್, ಪಂಪ್

ಇದು ಲೆಕ್ಕದ ಕೆಲಸ, ಎಂಜಿನಿಯರ್ ಮಾಡುತ್ತಾರೆ. ಪೈಪಿನಲ್ಲಿ ಸಣ್ಣಪುಟ್ಟ ಒತ್ತಡ ಇಳಿದರೆ ಜಾಕಿ ಪಂಪ್ ತುಂಬಿಕೊಡುತ್ತದೆ, ಹೆಡ್ ತೆರೆದು ಒತ್ತಡ ಕುಸಿದರೆ ಮುಖ್ಯ ಪಂಪ್ ಎದ್ದೇಳುತ್ತದೆ. ನೀವು ಎರಡು ವಿಷಯ ಹಟ ಹಿಡಿದು ಕೇಳಿ. ಬೆಂಕಿ ಬಿದ್ದಾಗ ಕಟ್ಟಡದ ಕರೆಂಟ್ ತೆಗೆದರೂ ಪಂಪಿನ ಲೈನ್ ಸತ್ತುಹೋಗಬಾರದು. ಎರಡನೇ ಪಂಪ್ ಡೀಸೆಲ್ಲಿನದೇ ಇರಲಿ.

ಹಂತ 3: ಹೆಡ್ ಆರಿಸುವುದು

ಹೆಡ್ಡಿನ ನಡುವೆ ಸಣ್ಣ ಗಾಜಿನ ಬಲ್ಬ್ ಇರುತ್ತದೆ. ಒಳಗಿನ ದ್ರವ ಕಾದು ಹಿಗ್ಗಿದಾಗ ಬಲ್ಬ್ ಒಡೆದು ನೀರಿಗೆ ದಾರಿಯಾಗುತ್ತದೆ. ಬಣ್ಣ ನೋಡಿ ಗುರುತಿಸಿ: ಕಿತ್ತಳೆ 57, ಕೆಂಪು 68, ಹಳದಿ 79, ಹಸಿರು 93, ನೀಲಿ 141 ಡಿಗ್ರಿ ಸೆಲ್ಸಿಯಸ್. ಮಾಮೂಲಿ ಕೋಣೆಗೆ ಕೆಂಪು. ಒಲೆಯ ಹತ್ತಿರ, ಬಿಸಿಲು ಬಡಿಯುವ ಗಾಜಿನ ಸೂರಿನ ಕೆಳಗೆ ಹಳದಿ ಅಥವಾ ಹಸಿರು. ಜನ ಕೂರುವ, ಮಲಗುವ ಜಾಗಕ್ಕೆ ಬೇಗ ತೆರೆಯುವ ತೆಳು ಬಲ್ಬಿನದನ್ನೇ ಕೇಳಿ. ಅದು ಸುಮಾರು 3 ಮಿಲಿಮೀಟರ್ ದಪ್ಪ ಇರುತ್ತದೆ, ಮಾಮೂಲಿಯದು 5.

ಹೆಡ್ಡಿನ ಮೇಲೆ ಡಿಗ್ರಿ, ಮಾಡೆಲ್ ಗುರುತು, ತಯಾರಾದ ವರ್ಷ, ಪರೀಕ್ಷಾ ಸಂಸ್ಥೆಯ ಮುದ್ರೆ ಇರಲೇಬೇಕು. ಇಲ್ಲದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಇನ್ನು ಮುಚ್ಚಳದ ಹಿಂದೆ ಅಡಗಿ ಕೂರುವ ಮಾದರಿ. ಅಂದವಾಗಿ ಕಾಣುತ್ತದೆ, ನಿಜ. ಆದರೆ ಶಾಖಕ್ಕೆ ಮೊದಲು ಆ ಮುಚ್ಚಳ ಕಳಚಿ ಬೀಳಬೇಕು. ಪೇಂಟರ್ ಬಂದು ಅದರ ಮೇಲೂ ಬಣ್ಣ ಬಳಿದು, ಅಂಚಿಗೆ ಪುಟ್ಟಿ ತುಂಬಿದರೆ ಅದು ಅಂಟಿಕೊಂಡೇ ಇರುತ್ತದೆ. ಹೆಡ್ ಕಣ್ಣಿಗೆ ಕಾಣುವ ಹಾಗೆ ಇರುವುದೇ ಒಳ್ಳೆಯದು.

ಹಂತ 4: ಜಾಗ ಗೊತ್ತುಮಾಡುವುದು

ಪೈಪ್ ಕತ್ತರಿಸುವ ಮೊದಲೇ ಒಂದೇ ಸೀಲಿಂಗ್ ನಕ್ಷೆ ಮಾಡಿಸಿ. ಬೀಮ್, ಡಕ್ಟ್, ಲೈಟ್, ಸ್ಪೀಕರ್, ಗೋಡೆ ಎಲ್ಲವೂ ಅದರಲ್ಲಿರಬೇಕು. ಒಬ್ಬೊಬ್ಬರದು ಒಂದೊಂದು ಹಾಳೆ ಎಂದಾದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಮೊದಲು ಸ್ಪ್ರಿಂಕ್ಲರ್ ಗುರುತಿಸಿ, ಆಮೇಲೆ ಲೈಟ್. ಲೈಟನ್ನು ಅರ್ಧ ಅಡಿ ಸರಿಸಿದರೆ ಬೆಳಕೇನೂ ಕೆಡುವುದಿಲ್ಲ.

ಮೊದಲು ಎತ್ತರ ನೋಡಿ. ಹೆಡ್ಡಿನ ತುದಿಯಲ್ಲಿ ಹಲ್ಲುಹಲ್ಲಾದ ತಟ್ಟೆ ಇದೆಯಲ್ಲ, ಅದೇ ಡಿಫ್ಲೆಕ್ಟರ್. ಅದು ಸೀಲಿಂಗಿನಿಂದ 25ರಿಂದ 300 ಮಿಲಿಮೀಟರ್ ಕೆಳಗೆ ಇರಬೇಕು. ಬಿಸಿಗಾಳಿ ಮೇಲೇರಿ ಸೀಲಿಂಗಿಗೆ ಒತ್ತಿಕೊಂಡು ಹರಡುತ್ತದೆ, ಬಲ್ಬ್ ಆ ಪದರದಲ್ಲೇ ಇರಬೇಕು. ಫಾಲ್ಸ್ ಸೀಲಿಂಗ್ ಕಿತ್ತು ಹಾಕಿ, ಹೆಡ್‌ಗಳನ್ನು ಹಳೆ ಎತ್ತರದಲ್ಲೇ ನೇತಾಡಲು ಬಿಡುವವರನ್ನು ತುಂಬ ಕಂಡಿದ್ದೇನೆ. ಆಗ ಶಾಖವೆಲ್ಲ ಮೇಲೆ, ಬಲ್ಬ್ ಕೆಳಗೆ. ಅದು ತೆರೆಯುವ ಹೊತ್ತಿಗೆ ಬೆಂಕಿ ಕೈಮೀರಿರುತ್ತದೆ.

ಆಮೇಲೆ ಅಂತರ. ಕಡಿಮೆ ಅಪಾಯದ ಜಾಗದಲ್ಲಿ ಹೆಡ್ಡಿನಿಂದ ಹೆಡ್ಡಿಗೆ ಹೆಚ್ಚೆಂದರೆ 4.6 ಮೀಟರ್, ಗೋಡೆಯಿಂದ ಅದರ ಅರ್ಧ. ತೀರಾ ಹತ್ತಿರ ಇಟ್ಟರೂ ತಪ್ಪು. 1.8 ಮೀಟರಿಗಿಂತ ಹತ್ತಿರವಾದರೆ ಮೊದಲು ತೆರೆದ ಹೆಡ್ಡಿನ ನೀರು ಪಕ್ಕದ್ದನ್ನು ನೆನೆಸಿ ತಣ್ಣಗಾಗಿಸುತ್ತದೆ. ಅದು ತೆರೆಯುವುದೇ ಇಲ್ಲ. ನಾಲ್ಕು ಜಾಸ್ತಿ ಹಾಕಿಬಿಡೋಣ ಎನ್ನುವವರಿಗೆ ಇದು ಗೊತ್ತಿರಲಿ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಅಡ್ಡಿಗಳಲ್ಲಿ. ನೀರು ತಟ್ಟೆಗೆ ಬಡಿದು ಬಿಚ್ಚಿದ ಕೊಡೆಯ ಹಾಗೆ ಹರಡುತ್ತದೆ. ಹರಡುವ ದಾರಿಯಲ್ಲಿ ಬೀಮ್ ಬಂದರೆ ಅದರ ಆಚೆ ಬದಿ ಒಣಗಿಯೇ ಉಳಿಯುತ್ತದೆ. ಬೀಮಿನಿಂದ 300 ಮಿಲಿಮೀಟರ್ ಒಳಗೆ ಹೆಡ್ ಇದ್ದರೆ ಡಿಫ್ಲೆಕ್ಟರ್ ಬೀಮಿನ ತಳಕ್ಕಿಂತ ಮೇಲಿರಬಾರದು. ಕಂಬದಂಥ ಕಿರಿದಾದ ಅಡ್ಡಿಗೆ ಸುಲಭದ ಲೆಕ್ಕವಿದೆ: ಅದರ ಅಗಲದ ಮೂರು ಪಟ್ಟು ದೂರ ಬಿಡಿ. 150 ಮಿಲಿಮೀಟರ್ ಅಗಲದ ಕಂಬವಾದರೆ 450 ಮಿಲಿಮೀಟರ್ ದೂರ. ಡಕ್ಟ್ 1.2 ಮೀಟರಿಗಿಂತ ಅಗಲವಿದ್ದರೆ ಅದರ ಕೆಳಗೂ ಹೆಡ್ ಹಾಕಲೇಬೇಕು, ಮೇಲಿನದು ಸಾಲದು. ಇದನ್ನು ನಕ್ಷೆಯಲ್ಲಿ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಡಕ್ಟ್ ಹಾದುಹೋಗುವಲ್ಲೆಲ್ಲ ಅಡ್ಡಕೊಯ್ತದ ಚಿತ್ರ ಬರೆಸಿ, ಎತ್ತರದ ಅಳತೆ ಹಾಕಿಸಿ.

ಡಿಫ್ಲೆಕ್ಟರ್ ಕೆಳಗೆ 450 ಮಿಲಿಮೀಟರ್ ಖಾಲಿ ಇರಬೇಕು. ಸ್ಟೋರ್ ರೂಮಿನ ಗೋಡೆಗೆ ಆ ಎತ್ತರದಲ್ಲಿ ಕೆಂಪು ಗೆರೆ ಎಳೆಸಿ. ಗೆರೆ ದಾಟಿ ಸಾಮಾನು ಪೇರಿಸಿದರೆ ಯಾರಿಗಾದರೂ ಕಾಣುತ್ತದೆ. ಹಾಗೆಯೇ, ನಡುವೆ ಜಿಪ್ಸಮ್ ಗೋಡೆ ಎಬ್ಬಿಸಿ ಹೊಸ ಕ್ಯಾಬಿನ್ ಮಾಡಿದಾಗಲೆಲ್ಲ ಒಳಗೆ ನಿಂತು ಮೇಲೆ ನೋಡಿ. ಹೆಡ್ ಗೋಡೆಯ ಆಚೆ ಉಳಿದಿರುತ್ತದೆ.

ಟೈಲಿನ ನಡುವಿಗೆ ಸರಿಯಾಗಿ ಕೂರಿಸಲು ಈಗ ಬಾಗುವ ಫ್ಲೆಕ್ಸಿಬಲ್ ಪೈಪ್ ಬಂದಿದೆ. ಕೆಲಸ ಬೇಗ ಮುಗಿಯುತ್ತದೆ, ನನ್ನ ಅಡ್ಡಿ ಇಲ್ಲ. ಆದರೆ ಅದರಲ್ಲಿ ಒತ್ತಡ ಜಾಸ್ತಿ ಕಳೆಯುತ್ತದೆ. ಎಷ್ಟು ಉದ್ದ, ಎಷ್ಟು ಬಾಗು ಎಂಬುದು ಪಂಪಿನ ಲೆಕ್ಕದಲ್ಲಿ ಸೇರಿರಬೇಕು. ಕೊನೇ ಗಳಿಗೆಯಲ್ಲಿ ಸುಮ್ನೆ ಸಿಕ್ಕಿಸುವುದಲ್ಲ.

ಹಂತ 5: ಡಿಟೆಕ್ಟರ್, ಅಲಾರ್ಮ್

ಸಮತಟ್ಟು ಸೀಲಿಂಗಿನಲ್ಲಿ ಹೊಗೆ ಡಿಟೆಕ್ಟರ್‌ಗಳ ನಡುವೆ ಸುಮಾರು 9 ಮೀಟರ್, ಎಸಿ ಗಾಳಿ ಬೀಸುವ ಬಾಯಿಂದ ಒಂದು ಮೀಟರ್ ದೂರ, ಅಡುಗೆಮನೆಯಲ್ಲಿ ಹೊಗೆಯದು ಬೇಡ, ಶಾಖದ ಡಿಟೆಕ್ಟರ್ ಹಾಕಿ.

ಹಂತ 6: ಪರೀಕ್ಷೆ ಮಾಡದೆ ಸಹಿ ಹಾಕಬೇಡಿ

ಹೊಸ ಹೆಡ್‌ಗಳಿಗೆ ಬಲ್ಬ್ ಕಾಪಾಡಲು ಪ್ಲಾಸ್ಟಿಕ್ ಹೊದಿಕೆ ಬರುತ್ತದೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ಒಂದೊಂದನ್ನೂ ನೋಡಿ ತೆಗೆಸಿ. ಪೈಪಿಗೆ 13.8 ಬಾರ್ ಒತ್ತಡ ಕೊಟ್ಟು 2 ಗಂಟೆ ನಿಲ್ಲಿಸಬೇಕು. ಪಂಪಿನಿಂದ ಅತಿ ದೂರದ ತುದಿಯಲ್ಲಿ ಟೆಸ್ಟ್ ವಾಲ್ವ್ ಇರುತ್ತದೆ, ಒಂದು ಹೆಡ್ ತೆರೆದಷ್ಟೇ ನೀರು ಬಿಡುವಂಥದ್ದು. ಗಡಿಯಾರ ಹಿಡಿದು ಅದನ್ನು ತೆರೆಯಿರಿ. 90 ಸೆಕೆಂಡಿನೊಳಗೆ ಅಲಾರ್ಮ್ ಕೂಗಬೇಕು.

ವಾಲ್ವ್ ಹೊಂದಿಸುವುದನ್ನು ಸಣ್ಣ ವಿಷಯ ಎಂದು ಬಿಡಬೇಡಿ. 1991ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾದ 22ನೇ ಮಹಡಿಯಲ್ಲಿ ಬೆಂಕಿ ಹೊತ್ತಿತು. ಅಗ್ನಿಶಾಮಕರ ಪೈಪಿನ ಒತ್ತಡ ಇಳಿಸುವ ವಾಲ್ವ್‌ಗಳನ್ನು ಸರಿಯಾಗಿ ಹೊಂದಿಸಿರಲಿಲ್ಲ, ಬೇಕಾದಷ್ಟು ನೀರೇ ಬರಲಿಲ್ಲ. ಮೂವರು ಅಗ್ನಿಶಾಮಕರು ಸತ್ತರು. ಮಹಡಿ ಮೇಲೆ ಮಹಡಿ ಸುಡುತ್ತಾ ಹೋದ ಬೆಂಕಿ ನಿಂತದ್ದು 30ನೇ ಮಹಡಿಯಲ್ಲಿ. ಅಲ್ಲಿ ಸ್ಪ್ರಿಂಕ್ಲರ್ ಹಾಕಿದ್ದರು. ತೆರೆದದ್ದು 10 ಹೆಡ್ ಮಾತ್ರ.

ಸ್ಪ್ರಿಂಕ್ಲರ್ ಇದ್ದೂ ಕೆಲಸ ಮಾಡದಿದ್ದ ಬೆಂಕಿಗಳಲ್ಲಿ ಮುಖ್ಯ ಕಾರಣ ಯಾರೋ ಲೈನ್ ಬಂದ್ ಮಾಡಿಟ್ಟಿದ್ದು. ಸೋರಿಕೆ ರಿಪೇರಿಗೆಂದು ವಾಲ್ವ್ ತಿರುಗಿಸುತ್ತಾರೆ, ಮತ್ತೆ ತೆರೆಯುವುದಿಲ್ಲ. ಎಲ್ಲ ವಾಲ್ವಿಗೂ ತೆರೆದ ಸ್ಥಿತಿಯಲ್ಲೇ ಸರಪಳಿ, ಬೀಗ ಹಾಕಿಸಿ. ಮುಚ್ಚಿದರೆ ಪ್ಯಾನೆಲ್‌ನಲ್ಲಿ ದೀಪ ಹತ್ತುವ ಸ್ವಿಚ್ಚನ್ನೂ ಕೂರಿಸಿ. ಮೊದಲ ದಿನವೇ ಮುಖ್ಯ ಡ್ರೈನ್ (ಪೈಪಿನ ನೀರು ಹೊರಬಿಡುವ ವಾಲ್ವ್) ಪೂರ್ತಿ ತೆರೆದು, ನೀರು ಹರಿಯುವಾಗ ಒತ್ತಡದ ಗೇಜ್ ಎಷ್ಟು ತೋರಿಸಿತು ಎಂದು ತಗಡಿನ ಮೇಲೆ ಕೊರೆದು ಅಲ್ಲೇ ನೇತುಹಾಕಿ. ಮುಂದೆ ಪ್ರತಿ ಪರೀಕ್ಷೆಯಲ್ಲೂ ಅದರ ಜೊತೆ ಹೋಲಿಸಿ. ಅಂಕಿ ಗಣನೀಯವಾಗಿ ಇಳಿದಿದ್ದರೆ ನೀರು ಬರುವ ದಾರಿಯಲ್ಲಿ ಎಲ್ಲೋ ಒಂದು ವಾಲ್ವ್ ಅರ್ಧ ಮುಚ್ಚಿದೆ, ಇಲ್ಲವೇ ಪೈಪ್ ಕಟ್ಟಿಕೊಂಡಿದೆ. ಅದು ಸಿಗುವವರೆಗೆ ಹುಡುಕಿಸಿ.