‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ಬಿಟ್ಟೆ

ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನಾನು ನರ್ಸ್. ಬಾಣಂತಿಯರು ಮನೆಗೆ ಹೊರಡುವ ದಿನ ಎದೆಹಾಲಿನ ಬಗ್ಗೆ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಮೊದಲ ಕೆಲವು ವರ್ಷ ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ. ಆರು ತಿಂಗಳು ಎದೆಹಾಲು ಮಾತ್ರ. ಆಮೇಲೆ ಊಟದ ಜೊತೆ ಎರಡು ವರ್ಷದ ತನಕ, ಬೇಕಾದರೆ ಇನ್ನೂ ಮುಂದೆ. ಕೊನೆಗೆ ‘ಅರ್ಥ ಆಯ್ತಾ?’ ‘ಆಯ್ತು ಸಿಸ್ಟರ್.’ ಕೈಗೊಂದು ಕರಪತ್ರ. ಮುಗೀತು.

ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಬಂದಾಗ ಅದೇ ತಾಯಂದಿರ ಬ್ಯಾಗಿನಲ್ಲಿ ಬಾಟಲಿ ಇರುತ್ತಿತ್ತು. ಇಷ್ಟು ಹೇಳಿದರೂ ಕೇಳಲ್ವಲ್ಲ ಅಂತ ಸಿಟ್ಟು ಬರುತ್ತಿತ್ತು.

ಹಾಗೆ ಬಂದವರಲ್ಲಿ ಡಿಗ್ರಿ ಓದಿದ ಒಬ್ಬ ಹುಡುಗಿ ಇದ್ದಳು. ಮಗುವಿನ ತೂಕ ಏರಬೇಕಾದಷ್ಟು ಏರಿರಲಿಲ್ಲ. ‘ಬೇರೇನೂ ಕೊಡ್ತಿಲ್ಲ ತಾನೇ?’ ಅಂದೆ. ‘ಇಲ್ಲ ಸಿಸ್ಟರ್, ನೀವು ಹೇಳಿದ ಹಾಗೆ ಎದೆಹಾಲು ಮಾತ್ರ.’ ಮಾತಾಡ್ತಾ ಮಾತಾಡ್ತಾ ಹೊರಬಿತ್ತು: ದಿನಕ್ಕೆ ನಾಲ್ಕೈದು ಸಲ ಕಾಯಿಸಿ ಆರಿಸಿದ ನೀರು, ಸಂಜೆಗೆ ಗ್ರೈಪ್ ವಾಟರ್. ‘ನೀರು ಹಾಲಲ್ವಲ್ಲ ಸಿಸ್ಟರ್?’

ಅವಳು ಸುಳ್ಳು ಹೇಳಿರಲಿಲ್ಲ. ಹಸುವಿನ ಹಾಲು, ಡಬ್ಬಿ ಹಾಲು ಬೇಡ ಅನ್ನುವುದಷ್ಟೇ ನನ್ನ ‘ಮಾತ್ರ’ದಿಂದ ಅವಳಿಗೆ ದಕ್ಕಿತ್ತು. ನೀರಿನಿಂದಲೇ ಆ ಪುಟ್ಟ ಹೊಟ್ಟೆ ತುಂಬುತ್ತಿತ್ತು. ಮಗು ಎದೆ ಚೀಪುವುದು ಕಮ್ಮಿ ಆದರೆ ಹಾಲು ಉತ್ಪತ್ತಿ ಆಗುವುದೂ ಕಮ್ಮಿ. ಓದು ಬಂದವಳಿಗೇ ಹೀಗಾದರೆ ಕರಪತ್ರ ಯಾರಿಗೆ ಹಂಚುತ್ತಿದ್ದೆ ನಾನು?

ಈಗ ಬೇರೆ ಥರ ಕೇಳುತ್ತೇನೆ. ‘ಮನೆಗೆ ಹೋದ ಮೇಲೆ ನಿಮ್ಮತ್ತೆ, ಮಗೂಗೆ ಗಂಟಲು ಒಣಗುತ್ತೆ, ಒಂದು ಚಮಚ ನೀರು ಹಾಕು ಅಂದ್ರೆ ಏನು ಹೇಳ್ತೀರಿ? ನನ್ನನ್ನೇ ಅತ್ತೆ ಅಂದ್ಕೊಳ್ಳಿ.’ ಮೊದಲು ನಗುತ್ತಾರೆ. ಆಮೇಲೆ ತಡವರಿಸುತ್ತಾರೆ. ಎಲ್ಲಿ ತಡವರಿಸಿದರೋ ಅಷ್ಟನ್ನೇ ಮತ್ತೆ ಹೇಳುತ್ತೇನೆ: ಬೇಸಿಗೆಯಲ್ಲೂ ಮಗುವಿಗೆ ಬೇಕಾದ ನೀರು ಎದೆಹಾಲಿನಲ್ಲೇ ಇದೆ. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಇನ್ನೂ ಒಳ್ಳೆಯದು, ಅವರನ್ನೂ ಕೇಳುತ್ತೇನೆ. ಒಬ್ಬೊಬ್ಬರಿಗೆ ಹತ್ತು ನಿಮಿಷ ಬೇಕು. ಏಳೆಂಟು ಡಿಸ್ಚಾರ್ಜ್ ಇರುವ ದಿನ ಇದು ಆಗಲ್ಲ, ಸುಳ್ಳೇಕೆ ಹೇಳಲಿ.

ಹಾಲು ಬಿಡಿಸಿದವರನ್ನು ಕೇಳಿದರೆ ಜಾಸ್ತಿ ಸಿಗುವ ಉತ್ತರ ‘ಹಾಲು ಸಾಲ್ತಿರಲಿಲ್ಲ’. ಮಗು ಸಂಜೆ ಹೊತ್ತು ಅತ್ತಿರುತ್ತದೆ. ಮೊದಲ ವಾರಗಳ ಬಿಗಿತ ಇಳಿದು ಎದೆ ಮೆತ್ತಗಾಗಿರುತ್ತದೆ. ಹಾಲು ಬತ್ತಿತು ಅಂತ ಮನೆಯವರೆಲ್ಲ ತೀರ್ಮಾನ ಮಾಡಿಬಿಡುತ್ತಾರೆ. ಅದಕ್ಕೇ ಎಣಿಸುವುದನ್ನು ಹೇಳಿಕೊಡುತ್ತೇನೆ. ಐದನೇ ದಿನದಿಂದ, 24 ಗಂಟೆಯಲ್ಲಿ ಕನಿಷ್ಠ 6 ಸಲ ಉಚ್ಚೆ ಹೊಯ್ಯಬೇಕು. 8ರಿಂದ 12 ಸಲ ಹಾಲು ಕುಡಿಯಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಲೆಕ್ಕ ಕಮ್ಮಿ ಬಂದರೆ ಕಾಯಬೇಡಿ, ಮಗು ಎತ್ತಿಕೊಂಡು ಬನ್ನಿ. ಈ ಡೈಪರ್ ಇದೆಯಲ್ಲ, ಅದು ಲೆಕ್ಕವನ್ನೇ ನುಂಗಿಬಿಡುತ್ತೆ. ಮೊದಲ ಹತ್ತು ದಿನ ಹಳೇ ಪಂಚೆ ಬಟ್ಟೆ ಕಟ್ಟಿ ಅನ್ನುತ್ತೇನೆ. ಅಜ್ಜಿಯರಿಗೆ ಈ ಮಾತು ಭಾರಿ ಇಷ್ಟ. ಅದಾದ ಮೇಲೆ ನನ್ನ ಬೇರೆ ಮಾತಿಗೂ ಕಿವಿ ಕೊಡುತ್ತಾರೆ.

ಈ ಎಣಿಕೆಯನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳಿಗೆ ಸಹಿ ಹಾಕಲು ಮಾತ್ರ ಬರುತ್ತಿತ್ತು. ವಿಜಯನಗರದಲ್ಲಿ ಮೂರು ಮನೆ ಕೆಲಸ ಅವಳದು. 2017ರಲ್ಲಿ ಹೆರಿಗೆ ರಜೆಯ ಕಾಯ್ದೆಗೆ ತಿದ್ದುಪಡಿ ಆದಾಗಿನಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಅಂತ ಕಾನೂನಿದೆ. ಗಾರ್ಮೆಂಟ್ಸ್‌ನವರಾದರೆ ಅದನ್ನು ಹಿಡಿದು ಕೇಳಬಹುದು. ಮನೆಗೆಲಸದವರು ಯಾರನ್ನು ಕೇಳಬೇಕು? ಎರಡೂವರೆ ತಿಂಗಳಿಗೇ ಕೆಲಸಕ್ಕೆ ಹೋದಳು. ಬೆಳಿಗ್ಗೆ ಕೈಯಲ್ಲೇ ಹಾಲು ಹಿಂಡಿ, ತೊಳೆದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿಡುತ್ತಿದ್ದಳು. ಮನೆಯಲ್ಲಿ ಫ್ರಿಜ್ ಇಲ್ಲ, ಹಾಗಾಗಿ ನಾಲ್ಕು ಗಂಟೆಯೊಳಗೆ ಕುಡಿಸಬೇಕು. ಅವಳಮ್ಮ ಒಳಲೆಯಲ್ಲಿ ಕುಡಿಸುತ್ತಿದ್ದರು. ಎಲ್ಲ ಸರಿಯಾಗೇ ನಡೆದಿತ್ತು.

ಮೂರೂವರೆ ತಿಂಗಳ ಇಂಜೆಕ್ಷನ್‌ಗೆ ಬಂದಾಗ ತಲೆ ತಗ್ಗಿಸಿ ಹೇಳಿದಳು, ‘ನಾಲ್ಕನೇ ಮನೆ ಹಿಡಿದೆ ಸಿಸ್ಟರ್. ಮನೆಗೆ ಬರೋವಾಗ ಮೂರು ಗಂಟೆ ಆಗಿರುತ್ತೆ, ಹಿಂಡಿಟ್ಟ ಹಾಲು ಅಲ್ಲೀತನಕ ಇರಲ್ಲ. ಮಧ್ಯಾಹ್ನ ಡಬ್ಬಿ ಹಾಲು ಶುರು ಮಾಡ್ದೆ.’ ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ನಾನು ಹೇಳಿಕೊಡಬೇಕಾದ್ದು ಏನೂ ಉಳಿದಿರಲಿಲ್ಲ. ಅಳತೆ ತಪ್ಪಿಸಬೇಡ, ನೀರು ಜಾಸ್ತಿ ಬೆರೆಸಬೇಡ, ಮನೆಗೆ ಬಂದ ತಕ್ಷಣ ಎದೆಗೆ ಹಾಕಿಕೋ ಅಂದೆ. ‘ರಾತ್ರಿಯದ್ದು ಬಿಡಬೇಡ, ಹಾಲು ಉಳಿಯುತ್ತೆ.’

ಒಂಬತ್ತು ತಿಂಗಳ ದಡಾರದ ಇಂಜೆಕ್ಷನ್‌ಗೆ ಬಂದಾಗ ನಾನು ಕೇಳುವ ಮೊದಲೇ ಲೆಕ್ಕ ಒಪ್ಪಿಸಿದಳು. ‘ಹಗಲು ರಾಗಿ ಸರಿ, ಮೆತ್ತಗೆ ಕಲಸಿದ ಅನ್ನ. ಬೆಳಿಗ್ಗೆ ಒಂದ್ಸಲ, ಕೆಲಸದಿಂದ ಬಂದು ಒಂದ್ಸಲ, ರಾತ್ರಿ ಎಷ್ಟು ಸಲಾನೋ ಗೊತ್ತಿಲ್ಲ, ನಿದ್ದೇಲೇ ಕುಡಿಸ್ತೀನಿ.’